ಬಾವಿ 6 ಮೀಟರ್ ತುಂಬಿದೆ, ಗುರುತ್ವ ಮಾತ್ರ 11 ಮೈಕ್ರೋಗಾಲ್ ಏರಿದೆ. ಎಲ್ಲಿ ತಪ್ಪಿದೆ?

ಎರೆಹೊಲ (ವಿಜಯಪುರ):
ನಮಸ್ಕಾರ. ಎಂ.ಎಸ್ಸಿ. ಪ್ರಾಜೆಕ್ಟ್‌ಗಾಗಿ ನಮ್ಮ ಹೊಲದಲ್ಲೇ ಗುರುತ್ವಮಾಪಕ ಇಟ್ಟು ಅಳೆದೆ. ಮೇ ಕೊನೆಯಲ್ಲಿ ಒಮ್ಮೆ, ಅಕ್ಟೋಬರ್‌ನಲ್ಲಿ ಒಮ್ಮೆ. ಜಾಗ ಅದೇ, ಬದುವಿನ ಪಕ್ಕ ಅಪ್ಪ ಹಾಕಿಸಿದ ಕಾಂಕ್ರೀಟ್ ಕಟ್ಟೆ. ಹೋಲಿಸಿ ನೋಡುವ ಬೇಸ್ ಸ್ಟೇಷನ್ ಊರ ಹೊರಗಿನ ಬಂಡೆ ಮೇಲೆ. ಸೂರ್ಯ ಚಂದ್ರರ ಸೆಳೆತ, ಗಾಳಿಯ ಒತ್ತಡ, ಉಪಕರಣದ ಡ್ರಿಫ್ಟ್ (ರೀಡಿಂಗ್ ತಾನಾಗಿಯೇ ಸರಿಯುವುದು) ಎಲ್ಲ ಕಳೆದಿದ್ದೇನೆ. ಪಕ್ಕದ ಬಾವಿಯಲ್ಲಿ ನೀರು 6 ಮೀಟರ್ ಮೇಲೆ ಬಂದಿದೆ. ಕೆಳಗೆ 1 ಮೀಟರ್ ನೀರು ಸೇರಿದರೆ ಗುರುತ್ವ 42 ಮೈಕ್ರೋಗಾಲ್ (ಗುರುತ್ವ ಅಳೆಯುವ ಅತಿ ಸಣ್ಣ ಮಾನ) ಏರುತ್ತದೆ ಎಂದು ಓದಿದ್ದೆ. ಹಾಗಾದರೆ 250 ಬರಬೇಕಿತ್ತು. ಬಂದಿದ್ದು 11! ಒಂದೊಂದು ಸಲವೂ ಐದು ರೀಡಿಂಗ್ ತೆಗೆದೆ, ಎರಡು ಮೂರು ಆಚೀಚೆ ಅಷ್ಟೇ. ನಿದ್ದೆ ಬರುತ್ತಿಲ್ಲ.

ಗರಸು (ಬಾಗಲಕೋಟೆ):
ತಮ್ಮಾ, ನಿನ್ನ ಅಳತೆ ಸರಿಯಾಗಿಯೇ ಇದೆ ಅನಿಸುತ್ತದೆ. ತಪ್ಪಿದ್ದು ಬಾವಿ ಲೆಕ್ಕ. 42 ಅನ್ನೋದು ಬರೀ ನೀರೇ 1 ಮೀಟರ್ ದಪ್ಪಕ್ಕೆ, ಸುತ್ತ ದೂರದವರೆಗೆ ಹರಡಿ ನಿಂತಿದ್ದರೆ. ನಿಮ್ಮಲ್ಲಿ ಬಾವಿಯ ಸುತ್ತ ಇರೋದು ಬಸಾಲ್ಟ್, ಗಟ್ಟಿ ಕಪ್ಪು ಕಲ್ಲು. ನೀರು ಅದರ ಸಂದುಗಳಲ್ಲಿ ಮಾತ್ರ ನಿಲ್ಲುತ್ತದೆ. ನೂರಕ್ಕೆ 2 ಪಾಲು ಅಂತ ಹಿಡಿ. 6 ಮೀಟರ್‌ಗೆ 12 ಸೆಂಟಿಮೀಟರ್ ನೀರಾಯಿತು, ಸುಮಾರು 5 ಮೈಕ್ರೋಗಾಲ್.

ನೀನು ಮರೆತಿದ್ದು ಎರೆ ಮಣ್ಣನ್ನು. ಮೇನಲ್ಲಿ ಹೊಲದ ಬಿರುಕಿಗೆ ಕೈ ಹಾಕಿದರೆ ಮೊಣಕೈವರೆಗೆ ಹೋಗುತ್ತೆ ಅಲ್ವಾ? ಅಕ್ಟೋಬರ್‌ನಲ್ಲಿ ಅದೇ ಮಣ್ಣು ಚಪ್ಪಲಿ ಎತ್ತಲು ಬಿಡುವುದಿಲ್ಲ. ಮೇಲಿನ 1 ಮೀಟರ್ ಮಣ್ಣಲ್ಲಿ ನೀರು ನೂರಕ್ಕೆ 20 ಪಾಲು ಜಾಸ್ತಿಯಾಗಿದ್ದರೆ ಅದು 20 ಸೆಂಟಿಮೀಟರ್ ನೀರು, 8 ಮೈಕ್ರೋಗಾಲ್. ಬಾವಿ ನೋಡಿದರೆ ಇದು ಗೊತ್ತೇ ಆಗಲ್ಲ.

ಇನ್ನೊಂದು. ಎರೆ ಮಣ್ಣು ನೆನೆದು ಉಬ್ಬುತ್ತದೆ. ಕಟ್ಟೆ 1 ಸೆಂಟಿಮೀಟರ್ ಎದ್ದರೂ ಗುರುತ್ವ 3 ಮೈಕ್ರೋಗಾಲ್ ಇಳಿಯುತ್ತದೆ. ಎರಡೂ ಸಲ ಲೆವೆಲಿಂಗ್ (ಕಟ್ಟೆಯ ಎತ್ತರ ಅಳೆಯೋದು) ಮಾಡಿದ್ದೆಯಾ? 5, 8, ಅದರಲ್ಲಿ 3 ಕಳೆದರೆ 10. ನಿನ್ನ 11ರ ಹತ್ತಿರವೇ ಬಂತು ಅಂತ ಸುಮ್ನೆ ನಂಬಬೇಡ, ಅಳೆದು ನೋಡು.

ಮಲಪ್ರಭಾ_ದಂಡೆ (ಬೆಳಗಾವಿ):
ಗರಸು ಅಣ್ಣಾರು ಹೇಳಿದ್ದು ಸರಿ. ಆದರೆ ಬೇಸ್ ಬಂಡೆಯ ಕೆಳಗೂ ನೀರು ಏರಿದ್ದರೆ ಆ 5ರಲ್ಲಿ ಒಂದಿಷ್ಟು ಕಳೆದುಹೋಗಿರುತ್ತದೆ. ನೀವು ಅಳೆದಿದ್ದು ಎರಡು ಜಾಗದ ವ್ಯತ್ಯಾಸ. ಕಟ್ಟೆ ಎಷ್ಟು ಅಗಲ? ಅಗಲ ಇದ್ದರೆ ಅಡಿಯ ಮಣ್ಣು ಛತ್ರಿ ಹಿಡಿದ ಹಾಗೆ ಒಣಗಿಯೇ ಉಳಿಯುತ್ತದೆ. ಉಪಕರಣಕ್ಕೆ ತೀರಾ ಹತ್ತಿರದ ಮಣ್ಣು ಅದೇ, ಅದರ ಲೆಕ್ಕ ಬೇರೆ ಹಾಕಬೇಕು. ಜರ್ಮನಿಯ ಮೋಕ್ಸಾದ ಗುರುತ್ವ ಅಳೆಯುವ ಕೇಂದ್ರದಲ್ಲಿ ಗುಡ್ಡದ ನೀರು ಉಪಕರಣಕ್ಕಿಂತ ಮೇಲಿದೆ. ಹಾಗೆ ಮೇಲಿರುವ ನೀರು ಮೇಲಕ್ಕೇ ಎಳೆಯುತ್ತದೆ, ಮಳೆ ಬಂದಾಗ ರೀಡಿಂಗ್ ಇಳಿಯುತ್ತದೆ.

ಎರೆಹೊಲ:
ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಲೆವೆಲಿಂಗ್ ಮಾಡಿರಲಿಲ್ಲ. ಕಟ್ಟೆ ನಾಲ್ಕು ಅಡಿ ಅಗಲ. ನಾಳೆ ಕಟ್ಟೆ ಪಕ್ಕ ಒಂದು, ಹೊಲದ ನಡುವೆ ಒಂದು ಕಡೆ 1 ಮೀಟರ್ ಆಳದವರೆಗೆ ಮಣ್ಣು ತೆಗೆದು ತೂಗಿ, 105 ಡಿಗ್ರಿಯಲ್ಲಿ ಒಣಗಿಸಿ ಮತ್ತೆ ತೂಗುತ್ತೇನೆ. ಬಿಳಿಜೋಳ ಬಿತ್ತಿದ್ದಾಗಿದೆ. ಎರಡು ಸಾಲು ಹೋದರೂ ಪರವಾಗಿಲ್ಲ ಅಂದಿದ್ದಾರೆ ಅಪ್ಪ.