ಹಬ್‌ನಲ್ಲೇ ಕಚ್ಚಿಕೊಂಡ ಡ್ರೈವ್ ಶಾಫ್ಟ್: ಹೊಡೆಯಬೇಕಾ, ಬೇಡವಾ?

ಆಲ್ದೂರಿನಿಂದ ಪ್ರಶ್ನೆ:
ನಮಸ್ಕಾರ ಎಲ್ಲರಿಗೂ. ನನ್ನದು 2008ರ ವ್ಯಾಗನ್ ಆರ್. ತೋಟಕ್ಕೂ ಅದೇ, ಚಿಕ್ಕಮಗಳೂರು ಪೇಟೆಗೂ ಅದೇ. ಈಚೆಗೆ ಎಡಕ್ಕೆ ಪೂರ್ತಿ ತಿರುಗಿಸಿದರೆ ಮುಂದುಗಡೆ ಕಟ ಕಟ ಅಂತ ಸದ್ದು. ಬಗ್ಗಿ ನೋಡಿದರೆ ಬಲಗಡೆ ಶಾಫ್ಟಿನ ಹೊರಗಿನ ಜಾಯಿಂಟಿಗೆ ಮುಚ್ಚಿರುವ ರಬ್ಬರ್ ಬೂಟ್ ಹರಿದು ಗ್ರೀಸೆಲ್ಲ ರಿಮ್ಮಿನ ಒಳಗೆ ಎರಚಿದೆ. ಗೇರ್‌ಬಾಕ್ಸ್‌ನಿಂದ ಚಕ್ರ ತಿರುಗಿಸುವ ಆ ಡ್ರೈವ್ ಶಾಫ್ಟ್ ಬಿಚ್ಚಿ ನಾನೇ ಹೊಸ ಜಾಯಿಂಟ್ ಹಾಕೋಣ ಅಂತ ಶುರು ಮಾಡಿದೆ. ಚಕ್ರ ಕೂರುವ ಹಬ್‌ನ ನಡುವಿನ ನಟ್ ಬಂತು. ಶಾಫ್ಟ್ ಮಾತ್ರ ಕೂದಲೆಳೆಯಷ್ಟೂ ಜರುಗುತ್ತಿಲ್ಲ. ಪಕ್ಕದ ಮನೆಯವರು ದೊಡ್ಡ ಸುತ್ತಿಗೆ ತಂದುಕೊಟ್ಟು ನಾಲ್ಕು ಬಿಡು, ತಾನಾಗೇ ಬರುತ್ತದೆ ಅನ್ನುತ್ತಿದ್ದಾರೆ. ಮೇಸ್ತ್ರಿಗಳು ಯಾರಾದರೂ ಹೇಳಿ, ಹೊಡೆಯಲಾ? ಕಾರು ಅಂಗಳದಲ್ಲಿ ಜಾಕ್ ಮೇಲಿದೆ.

ಹಾಸನದ ಮೇಸ್ತ್ರಿ:
ಸುತ್ತಿಗೆ ವಾಪಸ್ ಕೊಟ್ಟುಬಿಡಿ ಸಾರ್. ಶಾಫ್ಟಿನ ಮಾತು ಆಮೇಲೆ. ಜಾಕ್ ಮೇಲೆ ಅಂದ್ರಲ್ಲ, ಬರೀ ಜಾಕಾ? ಮೊದಲು ಎರಡು ಸ್ಟ್ಯಾಂಡ್ ತಂದು ಕೊಡಿ. ಸೈಜುಗಲ್ಲು, ಇಟ್ಟಿಗೆ ಬೇಡವೇ ಬೇಡ. ಇಟ್ಟಿಗೆ ಹೇಳದೆ ಕೇಳದೆ ಪುಡಿಯಾಗುತ್ತದೆ. ನಿಮ್ಮ ಕಡೆ ಮಳೆಗೆ ಅಂಗಳ ಮೆತ್ತಗಿರುತ್ತದೆ, ಅಡಿಗೆ ದಪ್ಪ ಹಲಗೆ ಹಾಕಿ. ಗೇರಿನಲ್ಲಿ ನಿಲ್ಲಿಸಿದ್ದೇನೆ ಅಂತ ಧೈರ್ಯ ಮಾಡಬೇಡಿ. ಈ ಕಾರಿನಲ್ಲಿ ಗೇರ್ ಹಿಡಿಯೋದು ಮುಂದಿನ ಚಕ್ರಗಳನ್ನು, ಅವನ್ನೇ ನೀವು ಎತ್ತಿದ್ದೀರಿ. ಹ್ಯಾಂಡ್ ಬ್ರೇಕ್ ಎಳೆದು, ಹಿಂದಿನ ಚಕ್ರಗಳಿಗೆ ಹಿಂದೆ ಮುಂದೆ ಎರಡೂ ಕಡೆ ಅಡ್ಡ ಕೊಡಿ.

ಈಗ ಶಾಫ್ಟ್. ಅದರ ತುದಿಯಲ್ಲಿ ಉದ್ದಕ್ಕೆ ಸಣ್ಣ ಸಣ್ಣ ಹಲ್ಲುಗಳಿವೆ, ಹಬ್ ಒಳಗೆ ಅವಕ್ಕೆ ಸರಿಯಾಗಿ ಕೂರುವ ಗೀರುಗಳಿವೆ. ನಡುವೆ ಇರುವ ಸಂದು ತುಂಬಾ ಕಡಿಮೆ. ಅಲ್ಲಿಗೆ ನೀರು ಇಳಿದು ತುಕ್ಕು ಹಿಡಿಯುತ್ತದೆ. ಕಬ್ಬಿಣ ತುಕ್ಕಾದರೆ ಉಬ್ಬುತ್ತದೆ, ಮೊದಲಿಗಿಂತ ಜಾಸ್ತಿ ಜಾಗ ಬೇಕಾಗುತ್ತದೆ, ಜಾಗ ಇಲ್ಲ, ಹಾಗಾಗಿ ಬಿಗಿದುಕೊಂಡು ಕೂರುತ್ತದೆ. ಮಲೆನಾಡಿನ ಗಾಡಿಗಳಲ್ಲಿ ಇದು ಮಾಮೂಲು. ಬಿಚ್ಚಿದ ಮೇಲೆ ನೋಡಿ, ಹಲ್ಲುಗಳ ಸಂದಿನಲ್ಲಿ ಕೆಂಪು ಪುಡಿ ತುಂಬಿರುತ್ತದೆ, ಉಗುರಲ್ಲಿ ಕೆರೆದರೆ ಬರುವಂಥದ್ದು.

ಸುತ್ತಿಗೆಯಲ್ಲಿ ನೇರ ಹೊಡೆದರೆ ಶಾಫ್ಟಿನ ತುದಿ ಅರಳುತ್ತದೆ. ಅರಳಿದ ತುದಿ ಹಬ್ ತೂತಿನಲ್ಲಿ ತೂರುವುದಿಲ್ಲ, ಥ್ರೆಡ್ ಕೂಡ ಹೋಗುತ್ತದೆ. ಆಗ ಶಾಫ್ಟನ್ನೇ ಕೊಯ್ಯಬೇಕು. ಏಟಿನ ಭಾರವೆಲ್ಲ ಬೀಳೋದು ಹಬ್ ಬೇರಿಂಗ್ ಮೇಲೆ. ಅದು ಇವತ್ತು ಏನೂ ಹೇಳುವುದಿಲ್ಲ, ಆಮೇಲೆ ಹೂಂ ಅಂತ ಗುಂಯ್ಗುಡಲು ಶುರು ಮಾಡುತ್ತದೆ.

ಇದನ್ನು ಒತ್ತಿ ತಳ್ಳಬೇಕು. ತುದಿಯನ್ನು ವೈರ್ ಬ್ರಷ್‌ನಲ್ಲಿ ಉಜ್ಜಿ, ತುಕ್ಕು ಬಿಡಿಸುವ ಸ್ಪ್ರೇ ಹೊಡೆದು ರಾತ್ರಿಯಿಡೀ ಬಿಡಿ. ಬೇರೆ ಏನೂ ಸಿಗದಿದ್ದರೆ ಡಬ್ಲ್ಯುಡಿ-40 ಆದರೂ ನಡೆಯುತ್ತದೆ. ಡಿಸ್ಕ್ ಮೇಲೆ ಬೀಳದ ಹಾಗೆ ಬಟ್ಟೆ ಮುಚ್ಚಿ. ಆಮೇಲೆ ಹಳೇ ನಟ್ಟನ್ನು ಶಾಫ್ಟ್ ತುದಿಗೆ ಸಮ ಬರುವಷ್ಟು ತಿರುಗಿಸಿ ಬಿಡಿ, ಥ್ರೆಡ್ ಉಳಿಯುತ್ತದೆ. ಹಬ್ ಪುಲ್ಲರ್, ಅಂದ್ರೆ ನಡುವಿನ ಬೋಲ್ಟ್ ಬಿಗಿ ಮಾಡಿದರೆ ಶಾಫ್ಟನ್ನು ಒಳಕ್ಕೆ ಒತ್ತುವ ಸಾಮಾನು, ತಂದು ಚಕ್ರದ ಬೋಲ್ಟುಗಳಿಗೇ ಕೂರಿಸಿ. ಪುಲ್ಲರಿನ ಚೂಪು ತುದಿ ಶಾಫ್ಟ್ ಮಧ್ಯದ ಗುಳಿಗೆ ಸರಿಯಾಗಿ ಕೂತಿದೆಯಾ ನೋಡಿಕೊಳ್ಳಿ. ತಿರುಗಿಸುವಾಗ ಹಬ್ ಸುತ್ತದ ಹಾಗೆ ಎರಡು ಬೋಲ್ಟುಗಳ ನಡುವೆ ಟಾಮಿ (ಮೀಟುವ ಕಬ್ಬಿಣದ ಸಲಾಕೆ) ಸಿಕ್ಕಿಸಿ ನೆಲಕ್ಕೆ ಊರಿ. ಬಿಗಿ ಮಾಡಿ, ಬರಲಿಲ್ಲ ಅಂದ್ರೆ ಇನ್ನೂ ಬಲ ಹಾಕಬೇಡಿ. ಆ ಬಿಗಿಯಲ್ಲೇ ಬಿಟ್ಟು ಟೀ ಕುಡಿದು ಬನ್ನಿ. ವಾಪಸ್ ಬಂದು ಪುಲ್ಲರ್ ಬೋಲ್ಟಿನ ತಲೆಗೆ ಸಣ್ಣ ಸುತ್ತಿಗೆಯಲ್ಲಿ ಒಂದು ತಟ್ಟಿ, ಮತ್ತೆ ಕಾಲು ಸುತ್ತು ಬಿಗಿ ಮಾಡಿ. ಹೀಗೆ.

ಇನ್ನೊಂದು, ಶಾಫ್ಟ್ ಹಿಂದಕ್ಕೆ ಹೋಗಲು ಜಾಗ ಬೇಕಲ್ವಾ? ಕೆಳಗಿನ ಬಾಲ್ ಜಾಯಿಂಟ್ ಬೋಲ್ಟನ್ನು ಪೂರ್ತಿ ಈಚೆ ತೆಗೆಯಿರಿ. ಬರೀ ಸಡಿಲ ಮಾಡಿದರೆ ಸಾಲದು, ಆ ಬೋಲ್ಟು ಬಾಲ್ ಜಾಯಿಂಟಿನ ಗೀರಿನೊಳಗೆ ಹಾದು ಹೋಗಿರುತ್ತದೆ. ಸ್ಟೀರಿಂಗಿನ ಟೈ ರಾಡ್ ತುದಿಯನ್ನೂ ಬಿಡಿಸಿ. ಆಗ ಹಬ್ ಹಿಡಿದಿರುವ ನಕಲ್ ಎಂಬ ಭಾಗ ಆಚೆಗೆ ತಿರುಗುತ್ತದೆ. ಬ್ರೇಕ್ ಹೋಸ್ ಎಳೆದುಕೊಳ್ಳದ ಹಾಗೆ ನೋಡಿ. ಡಿಸ್ಕನ್ನು ಹಿಡಿಯುವ ಬ್ರೇಕ್ ಕ್ಯಾಲಿಪರ್ ಬಿಚ್ಚಿದರೆ ಹೋಸಿಗೆ ನೇತು ಬಿಡದೆ ಕಂಬಿಯಲ್ಲಿ ಸ್ಪ್ರಿಂಗಿಗೆ ಕಟ್ಟಿ.

ಆಲ್ದೂರು:
ತುಂಬಾ ಥ್ಯಾಂಕ್ಸ್ ಅಣ್ಣ. ಸ್ಟ್ಯಾಂಡ್ ಅಕ್ಕಪಕ್ಕ ಸಿಗುತ್ತದೆ. ಪುಲ್ಲರ್ ಎಲ್ಲಿ ಸಿಗುತ್ತೆ? ಒಂದು ಸಲದ ಕೆಲಸಕ್ಕೆ ಕೊಳ್ಳೋದು ದಂಡ ಅನ್ನಿಸುತ್ತೆ.

ಹಾಸನದ ಮೇಸ್ತ್ರಿ:
ಕೊಳ್ಳೋದು ಬೇಡ. ಪರಿಚಯದ ಗ್ಯಾರೇಜಿನಲ್ಲಿ ಒಂದು ದಿನಕ್ಕೆ ಕೇಳಿ, ಕೊಡುತ್ತಾರೆ. ಇಲ್ಲದಿದ್ದರೆ ಲೇತ್ ಶಾಪಿಗೆ ಹೋಗಿ, ಬೆರಳು ದಪ್ಪದ ಪ್ಲೇಟಿಗೆ ನಿಮ್ಮ ಚಕ್ರದ ಬೋಲ್ಟ್ ಅಳತೆಗೆ ತೂತು ಹಾಕಿಸಿ, ನಡುವೆ ದೊಡ್ಡ ನಟ್ ವೆಲ್ಡ್ ಮಾಡಿಸಿ. ಅಷ್ಟೇ, ಪುಲ್ಲರ್ ರೆಡಿ. ಗಾಡಿ ಅಂಗಡಿಯವರ ಪುಲ್ಲರಿಗಿಂತ ಗಟ್ಟಿ ಇರುತ್ತದೆ, ನೋಡೋಕೆ ಮಾತ್ರ ಚೆನ್ನಾಗಿರುವುದಿಲ್ಲ.

ಕೊಪ್ಪದಿಂದ ಒಬ್ಬರು:
ಇಷ್ಟೆಲ್ಲ ಯಾಕೆ ಮಾರಾಯ್ರೆ, ಗ್ಯಾಸ್ ಬೆಂಕಿ ತೋರಿಸಿ ಹಬ್ ಬಿಸಿ ಮಾಡಿದರೆ ಐದು ನಿಮಿಷದ ಕೆಲಸ. ನಮ್ಮಲ್ಲಿ ಹಾಗೇ ಮಾಡೋದು.

ಹಾಸನದ ಮೇಸ್ತ್ರಿ:
ಬರುತ್ತದೆ, ಇಲ್ಲ ಅನ್ನಲ್ಲ. ಹಬ್ ಹಿಗ್ಗಿ ಹಿಡಿತ ಬಿಡುತ್ತದೆ. ಆದರೆ ಬೇರಿಂಗ್ ಒಳಗಿನ ಗ್ರೀಸ್ ಕರಗಿ ಸೀಲು ಸುಟ್ಟರೆ ಬೇರಿಂಗ್ ಖರ್ಚು ಯಾರು ಕೊಡುತ್ತಾರೆ? ಬೇರಿಂಗ್ ಹೇಗೂ ಬದಲಾಯಿಸುತ್ತೀವಿ ಅನ್ನುವಾಗ ಮಾತ್ರ ಬೆಂಕಿ ಸರಿ. ಇವರು ಮನೆಯಂಗಳದಲ್ಲಿ, ಸ್ಪ್ರೇ ಹೊಡೆದ ಜಾಗಕ್ಕೆ, ಪಕ್ಕದಲ್ಲೇ ಬ್ರೇಕ್ ಹೋಸ್ ಇಟ್ಟುಕೊಂಡು ಬೆಂಕಿ ಹಿಡಿಯೋದು ಬೇಡ ಅಂತ ನನ್ನ ಅಭಿಪ್ರಾಯ.

ಆಲ್ದೂರು:
ಬಂತು ಅಣ್ಣ! ಪುಲ್ಲರ್ ಬಿಗಿ ಮಾಡಿ ಬಿಟ್ಟಿದ್ದೆ, ಒಳಗೆ ಊಟಕ್ಕೆ ಕೂತಿದ್ದಾಗ ಹೊರಗೆ ಟಪ್ ಅಂತ ಸದ್ದು, ಹೆಂಡತಿ ಗಾಡಿ ಬಿತ್ತು ಅಂತ ಹೆದರಿಬಿಟ್ಟಳು. ಈಗ ಗೇರ್‌ಬಾಕ್ಸ್ ಕಡೆ ತೊಂದರೆ. ಶಾಫ್ಟ್ ಹಿಡಿದು ಎಳೆದರೆ ಒಂದಿಷ್ಟು ಬಂದು ನಿಲ್ಲುತ್ತದೆ. ಅಲ್ಲೂ ತುಕ್ಕಾ?

ಹಾಸನದ ಮೇಸ್ತ್ರಿ:
ಎಳೆಯೋದು ಈಗಲೇ ನಿಲ್ಲಿಸಿ. ಅಲ್ಲಿ ಎಣ್ಣೆ ಇರುತ್ತದೆ, ತುಕ್ಕಿನ ಮಾತೇ ಇಲ್ಲ. ಶಾಫ್ಟಿನ ಒಳತುದಿಯ ಗೀರಿನಲ್ಲಿ ಸಣ್ಣ ಲಾಕ್ ರಿಂಗ್ ಕೂತಿದೆ, ಗೇರ್‌ಬಾಕ್ಸ್ ಒಳಗಿನ ಡಿಫರೆನ್ಷಿಯಲ್ ಗೇರಿನೊಳಗೆ ಹೋಗಿ ಅರಳಿಕೊಂಡಿದೆ. ನೀವು ಎಳೆದಾಗ ಬರುತ್ತಿರೋದು ಶಾಫ್ಟ್ ಅಲ್ಲ, ಒಳಗಿನ ಜಾಯಿಂಟ್ ಬಿಚ್ಚಿಕೊಳ್ಳುತ್ತಿದೆ. ಜೋರಾಗಿ ಎಳೆದರೆ ರೋಲರುಗಳು ಬೂಟ್ ಒಳಗೇ ಕಳಚಿ ಬೀಳುತ್ತವೆ.

ಮೊದಲು ಗೇರ್ ಆಯಿಲ್ ಇಳಿಸಿ, ಇಲ್ಲಾಂದ್ರೆ ಶಾಫ್ಟ್ ಬಂದ ಕೂಡಲೇ ಮುಖಕ್ಕೆ. ಇಳಿಸುವ ಮುಂಚೆ ಆಯಿಲ್ ಹಾಕುವ ಪ್ಲಗ್ ಬಿಚ್ಚುತ್ತದಾ ಅಂತ ನೋಡಿಕೊಳ್ಳಿ. ಇಳಿಸಿಬಿಟ್ಟು ಆಮೇಲೆ ಹಾಕುವ ಪ್ಲಗ್ ಬರದೆ ಗಾಡಿ ಎಳೆಸಿಕೊಂಡು ಬಂದವರನ್ನು ನೋಡಿದ್ದೇನೆ. ಆಮೇಲೆ ಜಾಯಿಂಟಿನ ಕಬ್ಬಿಣದ ಬಟ್ಟಲು ಮತ್ತು ಗೇರ್‌ಬಾಕ್ಸ್ ನಡುವಿನ ಸಂದಿಗೆ ಚಪ್ಪಟೆ ಟಾಮಿ ಹಾಕಿ. ಆಗುವುದಾದರೆ ಎದುರುಬದುರಾಗಿ ಎರಡು. ಟಾಮಿ ಜಾಸ್ತಿ ಆಳ ಹೋಗಬಾರದು, ಒಳಗೆ ಆಯಿಲ್ ಸೀಲಿನ ರಬ್ಬರ್ ತುಟಿ ಇದೆ. ಗೇರ್‌ಬಾಕ್ಸ್ ಅಲ್ಯೂಮಿನಿಯಂ, ದಪ್ಪ ಇರುವ ಕಡೆ ಊರಿ, ತೆಳ್ಳಗಿನ ಅಂಚಿಗೆ ಊರಿದರೆ ಚಕ್ಕೆ ಏಳುತ್ತದೆ. ನಿಧಾನವಾಗಿ ಬಲ ಹಾಕೋದಲ್ಲ ಇಲ್ಲಿ, ಒಂದೇ ಸಲ ಚುರುಕಾಗಿ ಮೀಟಬೇಕು. ಬರದಿದ್ದರೆ ಶಾಫ್ಟನ್ನು ಸ್ವಲ್ಪ ತಿರುಗಿಸಿ ಮತ್ತೆ ಮೀಟಿ. ಲಾಕ್ ರಿಂಗಿನ ಬಾಯಿ ಯಾವ ಕಡೆ ಇದೆ ಅನ್ನೋದರ ಮೇಲೆ ಕೆಲವು ಸಲ ಸುಲಭ, ಕೆಲವು ಸಲ ಹಟ.

ಎರಡೂ ಕಡೆಯ ಶಾಫ್ಟ್ ಒಟ್ಟಿಗೆ ತೆಗೆಯಬೇಡಿ. ಕೆಲವು ಗೇರ್‌ಬಾಕ್ಸ್‌ಗಳಲ್ಲಿ ಒಳಗಿನ ಗೇರುಗಳು ಜಾರುತ್ತವೆ, ಆಮೇಲೆ ದೊಡ್ಡ ಕೆಲಸ.

ಸಕಲೇಶಪುರದಿಂದ ಒಬ್ಬರು:
ಮೇಸ್ತ್ರಿ, ನಂದೂ ಅದೇ ಕಾರು. ಬೂಟ್ ಹರಿದಿದೆ, ಸದ್ದು ಇಲ್ಲ. ಬೂಟ್ ಮಾತ್ರ ಹಾಕಿದರೆ ಸಾಕಾ?

ಹಾಸನದ ಮೇಸ್ತ್ರಿ:
ಸದ್ದು ಇಲ್ಲದಿದ್ದರೆ ಸಾಕು, ಆದರೆ ಈ ವಾರವೇ ಮಾಡಿಸಿ. ಹಳೇ ಗ್ರೀಸ್ ಪೂರ್ತಿ ತೊಳೆದು, ಬೂಟ್ ಜೊತೆ ಬರುವ ಕಪ್ಪು ಮಾಲಿಬ್ಡಿನಮ್ ಗ್ರೀಸನ್ನೇ ಹಾಕಿಸಿ. ಗ್ರೀಸನ್ನು ಬೆರಳಲ್ಲಿ ತಿಕ್ಕಿ ನೋಡಿ, ಮರಳು ಸಿಕ್ಕಿದ ಹಾಗಿದ್ದರೆ ಜಾಯಿಂಟ್ ಸವೆಯೋಕೆ ಶುರುವಾಗಿದೆ. ಆಲ್ದೂರಿನವರಿಗೆ ಸದ್ದು ಬಂದಿದೆ, ಅವರಿಗೆ ಬೂಟ್ ಹಾಕೋದು ಸುಮ್ನೆ ದುಡ್ಡು ದಂಡ. ಗುಜರಿಯಿಂದ ಶಾಫ್ಟ್ ತರುವವರು ಉದ್ದ ಮತ್ತು ಹಲ್ಲಿನ ಲೆಕ್ಕ ಹಳೇದರ ಪಕ್ಕ ಇಟ್ಟು ನೋಡಿ ತನ್ನಿ.

ಆಲ್ದೂರು:
ಬಲಗಡೆ ಶಾಫ್ಟ್ ಹಬ್ ಕಡೆ, ಗೇರ್‌ಬಾಕ್ಸ್ ಕಡೆ ಎರಡೂ ತುದಿ ಬಂತು. ಹಳೇ ಹಬ್ ನಟ್ಟೇ ಹಾಕಬಹುದಾ? ಥ್ರೆಡ್ ಚೆನ್ನಾಗಿದೆ. ಜಾಯಿಂಟ್ ಬರೋವರೆಗೆ ಕಾರು ಚಕ್ರದ ಮೇಲೆ ಇಳಿಸಿ ಶೆಡ್ಡಿಗೆ ತಳ್ಳೋಣ ಅಂತಿದ್ದೇನೆ.

ಹಾಸನದ ಮೇಸ್ತ್ರಿ:
ತಳ್ಳಬೇಡಿ! ಶಾಫ್ಟ್ ಮತ್ತು ನಟ್ ಎರಡೂ ಸೇರಿ ಹಬ್ ಬೇರಿಂಗನ್ನು ಹಿಡಿದಿಟ್ಟಿರುತ್ತವೆ. ಅವಿಲ್ಲದೆ ಭಾರ ಬಿದ್ದರೆ ಬೇರಿಂಗ್ ಕೆಡುತ್ತದೆ. ಸ್ಟ್ಯಾಂಡ್ ಮೇಲೇ ಇರಲಿ, ಟಾರ್ಪಾಲ್ ಮುಚ್ಚಿ.

ನಟ್ ಹೊಸದೇ ತನ್ನಿ, ಅಂಚನ್ನು ಒಳಕ್ಕೆ ಬಡಿದು ಲಾಕ್ ಮಾಡುವಂಥದ್ದು ಎರಡನೇ ಸಲಕ್ಕೆ ನಂಬಿಕೆಯಿಲ್ಲ. ಲಾಕ್ ರಿಂಗ್, ಆಯಿಲ್ ಸೀಲ್ ಕೂಡ ಹೊಸದು, ದೊಡ್ಡ ದುಡ್ಡೇನಲ್ಲ. ಹಬ್ ಹಲ್ಲುಗಳನ್ನು ಉಜ್ಜಿ ತೆಳ್ಳಗೆ ಗ್ರೀಸ್ ಸವರಿ ಹಾಕಿ, ಮುಂದಿನ ಸಲ ಬಿಚ್ಚುವವನು ನಿಮ್ಮನ್ನು ಹೊಗಳುತ್ತಾನೆ. ಒಳಗಡೆ ಟಕ್ ಅಂತ ಕೂರಬೇಕು, ಕೂತ ಮೇಲೆ ಬಟ್ಟಲು ಹಿಡಿದು ಮೆಲ್ಲಗೆ ಎಳೆದರೆ ಬರಬಾರದು. ನಟ್ಟಿನ ಕೊನೆಯ ಬಿಗಿ ಚಕ್ರ ನೆಲಕ್ಕೆ ಇಳಿಸಿ, ಒಬ್ಬರನ್ನು ಬ್ರೇಕ್ ಮೇಲೆ ಕೂರಿಸಿ, ಟಾರ್ಕ್ ರೆಂಚಿನಲ್ಲೇ ಮಾಡಿ. ಅಂಕಿ ನಿಮ್ಮ ಮಾಡೆಲ್ ಮ್ಯಾನುಯಲ್‌ನಲ್ಲಿದೆ, ಅಂದಾಜಿಗೆ ಬೇಡ. ಗೇರ್ ಆಯಿಲ್ ಹಾಕುವ ಪ್ಲಗ್ ಮಟ್ಟಕ್ಕೆ ತುಂಬಿಸಿ. ಆಲ್ದೂರು ಪೇಟೆಗೆ ಒಂದು ರೌಂಡ್ ಹೋಗಿ ಬಂದು, ರಾತ್ರಿ ಗೇರ್‌ಬಾಕ್ಸ್ ಕೆಳಗೆ ರಟ್ಟಿನ ತುಂಡು ಇಡಿ. ಬೆಳಿಗ್ಗೆ ಅದರ ಮೇಲೆ ಎಣ್ಣೆ ಹನಿ ಇದ್ದರೆ ಸೀಲ್ ಸರಿ ಕೂತಿಲ್ಲ, ಫೋಟೊ ಹಾಕಿ.