.38 ಸ್ಪೆಷಲ್: ಎರಕದ ಗುಂಡು ಹಾಕಿದರೆ ನಳಿಗೆಯಲ್ಲಿ ಸೀಸ ಮೆತ್ತುತ್ತಿದೆ

ಡಲ್ಲಾಸ್ ಹುಡುಗ:
.38 ಸ್ಪೆಷಲ್ ತೋಟಾ ಹಾರಿಸುವ ರಿವಾಲ್ವರ್‌ಗೆ 158 ಗ್ರೇನ್ (ಸುಮಾರು 10 ಗ್ರಾಂ) ತೂಕದ, ಸೀಸದ ಎರಕದ ಗುಂಡು ಹಾಕಿ ನಾನೇ ತೋಟಾ ತುಂಬುತ್ತಿದ್ದೇನೆ. ಡಬ್ಬಿ ಮೇಲೆ ಗಡಸುತನ 18 ಬಿಎಚ್‌ಎನ್ (ಬ್ರಿನೆಲ್ ಗಡಸುತನದ ಅಂಕಿ), ವ್ಯಾಸ 0.358 ಇಂಚು ಅಂತಿದೆ. ಪೌಡರ್ (ಮದ್ದು) ಮ್ಯಾನ್ಯುಯಲ್‌ನ ಕನಿಷ್ಠ ಅಳತೆ. ಐವತ್ತು ಸುತ್ತು ಮುಗಿಯುವಷ್ಟರಲ್ಲಿ ನಳಿಗೆಯ ಬುಡದಲ್ಲಿ ಬೆಳ್ಳಿ ರೇಕಿನ ಹಾಗೆ ಸೀಸ ಕೂತಿರುತ್ತೆ, ಗುರಿಯೂ ಚದುರುತ್ತೆ. ಇನ್ನೂ ಗಟ್ಟಿ ಗುಂಡು ತರಬೇಕಾ?

ಎರಕದ ಮನೆ:
ಗಟ್ಟಿ ಬೇಡ ಸರ್, ಈಗಿರೋದೇ ಜಾಸ್ತಿ ಗಟ್ಟಿ. .38 ಸ್ಪೆಷಲ್‌ನ ಒತ್ತಡದ ಮಿತಿಯೇ 17,000 ಪಿಎಸ್‌ಐ (ಚದರ ಇಂಚಿಗೆ ಪೌಂಡ್), ನೀವು ಅದಕ್ಕಿಂತಲೂ ಕೆಳಗಿದ್ದೀರಿ. ಅಷ್ಟು ಒತ್ತಡದಲ್ಲಿ 18ರ ಗುಂಡಿನ ಬುಡ ಅರಳಿ ನಳಿಗೆಯೊಳಗಿನ ಸುರುಳಿ ತೋಡನ್ನು (ಗ್ರೂವ್) ತುಂಬೋದಿಲ್ಲ. ಸಂದಿಯಲ್ಲಿ ನುಗ್ಗಿದ ಬಿಸಿ ಗ್ಯಾಸ್ ಸೀಸವನ್ನು ಕೊರೆದು ನಳಿಗೆಗೆ ಬಳಿಯುತ್ತೆ. 10-12 ಸಾಕು.

ಆದರೆ ಗಡಸುತನಕ್ಕಿಂತ ಮೊದಲು ಅಳತೆ. ಖಾಲಿ ಸಿಲಿಂಡರ್ ಬಿಚ್ಚಿಟ್ಟು, ಒಂದೊಂದೇ ಚೇಂಬರ್‌ನ (ತೋಟಾ ಕೂರುವ ತೂತಿನ) ಮುಂಬಾಯಿಗೆ ಗುಂಡಿಟ್ಟು ಬೆರಳಲ್ಲಿ ಒತ್ತಿ. ತುಸು ಬಿಗಿಯಾಗಿ ಜಾರಿದರೆ ಸರಿ. ತಾನಾಗೇ ಬಿದ್ದುಹೋದರೆ ಬಾಯಿ ದೊಡ್ಡದು. ಹೋಗದಿದ್ದರೆ ಚಿಕ್ಕದು, ಆಗ ಗುಂಡು ಅಲ್ಲೇ ಸವೆದು, ನಳಿಗೆ ಸೇರುವಾಗ ಸಡಿಲವಾಗಿರುತ್ತೆ. ಆಮೇಲೆ ನಳಿಗೆಗೆ ಎಣ್ಣೆ ಸವರಿ, ಮೆತ್ತನೆ ಶುದ್ಧ ಸೀಸದ ತುಂಡನ್ನು ಹಿತ್ತಾಳೆ ಸರಳಿಂದ ಮೆಲ್ಲಗೆ ತಳ್ಳಿ ತೆಗೆದು ಅಳೆಯಿರಿ. ಅದೇ ಗ್ರೂವ್‌ನ ವ್ಯಾಸ; ಗುಂಡು ಅದಕ್ಕಿಂತ 0.001 ಇಂಚು ದಪ್ಪ ಇರಬೇಕು. ಸ್ಮಿತ್ ಅಂಡ್ ವೆಸನ್ ರಿವಾಲ್ವರ್ ಆದರೆ ಸಾಮಾನ್ಯವಾಗಿ ಐದು ಗ್ರೂವ್, ಎದುರುಬದುರು ಬರೋದಿಲ್ಲ, ಸಾದಾ ಮೈಕ್ರೋಮೀಟರ್ ಸುಳ್ಳು ಹೇಳುತ್ತೆ. ಅದಕ್ಕೆ ವಿ-ಆನ್ವಿಲ್ (ವಿ ಆಕಾರದ ತಳವಿರುವ) ಮೈಕ್ರೋಮೀಟರೇ ಬೇಕು.

ಪ್ರೆಸ್ ಪಕ್ಕ:
ಒಂದು ತೋಟಾದಿಂದ ಗುಂಡು ಕಿತ್ತು ಅಳೆದು ನೋಡಿ. ಡಬ್ಬಿಯಲ್ಲಿ 0.358 ಇದ್ದದ್ದು ಕೇಸ್ (ತೋಟಾದ ಲೋಹದ ಕೊಳವೆ) ಒಳಗೆ ಹೋಗಿ 0.356 ಆಗಿದ್ದರೆ ತಪ್ಪು ನಿಮ್ಮ ಡೈಗಳದ್ದು (ತೋಟಾ ಜೋಡಿಸುವ ಅಚ್ಚುಗಳದ್ದು). ಕೇಸ್ ಬಾಯಿ ಸಾಕಷ್ಟು ಅರಳಿಸದಿದ್ದರೆ ಗುಂಡಿನ ಪಕ್ಕದಿಂದ ಸೀಸದ ಉಂಗುರ ಹೆರೆದು ಬರುತ್ತೆ. ಕಾರ್ಬೈಡ್ ರಿಂಗ್ ಇರುವ ಕ್ರಿಂಪ್ ಡೈ (ಕೇಸ್ ಬಾಯನ್ನು ಗುಂಡಿಗೆ ಬಿಗಿಯುವ ಅಚ್ಚು) ಕೂಡ ಕೇಸ್ ಹೊರಗಿಂದಲೇ ಗುಂಡನ್ನು ಹಿಂಡುತ್ತೆ. ಅದನ್ನು ತೆಗೆದಿಟ್ಟು ಸಾದಾ ರೋಲ್ ಕ್ರಿಂಪ್ ಹಾಕಿ, ಅಂದರೆ ಕೇಸ್ ಬಾಯಂಚನ್ನು ಒಳಕ್ಕೆ ಮಡಚಿ, ಗುಂಡಿನ ಸುತ್ತ ಇರುವ ಕ್ರಿಂಪ್ ಗ್ರೂವ್‌ಗೆ ಸರಿಯಾಗಿ.

ಇನ್ನೊಂದು. ಈ ಕೇಸ್ 1898ರ ಕಾಲದ ಕರಿಮದ್ದಿಗೆ ಮಾಡಿದ್ದು, ಒಳಗೆ ಜಾಗ ಜಾಸ್ತಿ. ಈಗಿನ ಪೌಡರ್ ತಳದಲ್ಲಿ ಚೂರು ಕೂತಿರುತ್ತೆ, ತಪ್ಪಿ ಎರಡು ಸಲ ಬಿದ್ದರೂ ಹೊರಚೆಲ್ಲೋದಿಲ್ಲ, ಗೊತ್ತಾಗದೆ ಹೊಡೆದರೆ ಅಪಾಯ. ಗುಂಡು ಇಡೋ ಮೊದಲು ಪ್ರತಿ ಕೇಸ್‌ಗೂ ಟಾರ್ಚ್ ಬಿಟ್ಟು ನೋಡಿ.

ಡಲ್ಲಾಸ್ ಹುಡುಗ:
ಕಿತ್ತ ಗುಂಡು 0.358 ಇದೆ. ಆದರೆ ಆರರಲ್ಲಿ ಎರಡು ಚೇಂಬರ್‌ನಲ್ಲಿ ಸಿಕ್ಕಿಕೊಳ್ತು! ಈಗ ಮೆತ್ತಿರೋದನ್ನು ವಿನೆಗರ್-ಪೆರಾಕ್ಸೈಡ್‌ನಲ್ಲಿ ಕರಗಿಸಲಾ?

ಎರಕದ ಮನೆ:
ಬೇಡವೇ ಬೇಡ. ಅದರಿಂದ ಆಗೋದು ಲೆಡ್ ಅಸಿಟೇಟ್, ನೀರಲ್ಲಿ ಕರಗೋ ವಿಷ. ಹಳೇ ಬ್ರಷ್‌ಗೆ ಪಾತ್ರೆ ಉಜ್ಜೋ ತಾಮ್ರದ ಜುಂಗು ಸುತ್ತಿ ಹತ್ತು ಸಲ ಎಳೆಯಿರಿ, ಚಕ್ಕೆ ಚಕ್ಕೆಯಾಗಿ ಬರುತ್ತೆ. ಜುಂಗಿಗೆ ಮೊದಲು ಅಯಸ್ಕಾಂತ ಹಿಡಿಯಿರಿ. ಅಂಟಿದರೆ ಒಳಗೆ ಉಕ್ಕು, ನಳಿಗೆ ಗೀಚುತ್ತೆ. ಕೈಗವಸು ಹಾಕಿ, ಉದುರಿದ್ದನ್ನು ಒದ್ದೆ ಕಾಗದದಲ್ಲಿ ಒರೆಸಿ.

ಆ ಎರಡು ಚೇಂಬರ್‌ಗೆ ಮಾರ್ಕರ್‌ನಲ್ಲಿ ಗುರುತು ಹಾಕಿ, ಉಳಿದ ನಾಲ್ಕರಲ್ಲೇ ಐವತ್ತು ಹೊಡೆಯಿರಿ. ಸೀಸ ನಿಂತರೆ ಆ ಎರಡನ್ನು ಗನ್‌ಸ್ಮಿತ್ (ಬಂದೂಕು ರಿಪೇರಿಯವರು) ಹತ್ತಿರ ರೀಮ್ ಮಾಡಿಸಿ, ಅಂದರೆ ಮುಂಬಾಯಿ ತುಸು ಹಿಗ್ಗಿಸಿ.