ತಂಗಿ ಮದುವೆಗೆ ಯಾವ ಲೆನ್ಸ್: 35, 50, 85?

ಕೇಳಿದ್ದು: ಮುಂದಿನ ತಿಂಗಳು ಹಾಸನದಲ್ಲಿ ಚಿಕ್ಕಪ್ಪನ ಮಗಳ ಮದುವೆ. ಫೋಟೋಗ್ರಾಫರ್ ಬೇರೆ ಇದ್ದಾರೆ, ನಾನು ಸುಮ್ನೆ ನಮ್ಮ ಮನೆ ಜನರ ಫೋಟೋ ತೆಗೆಯುವುದು. ನಿಕಾನ್ ಡಿ5600 ಕ್ಯಾಮೆರಾ, ಜೊತೆಗೆ ಬಂದ 18-55 ಎಂಎಂ ಝೂಮ್ ಲೆನ್ಸ್ ಇದೆ. ಇನ್ನೊಂದೇ ಲೆನ್ಸ್‌ಗೆ ದುಡ್ಡಿದೆ. ಎಲ್ಲರೂ 85 ಅನ್ನುತ್ತಾರೆ. ಮದುವೆ ತೆಗೆದವರು ಹೇಳಿ.

ಒಬ್ಬರು: 85 ಬೇಡ. ಈ ಎಂಎಂ ಸಂಖ್ಯೆ ಹೆಚ್ಚಿದಷ್ಟೂ ಫೋಟೋದಲ್ಲಿ ಹಿಡಿಸುವ ಅಗಲ ಕಡಿಮೆ. ಲೆನ್ಸ್ ಕೆಟ್ಟದ್ದು ಅಂತಲ್ಲ, ಹಿಂದೆ ಸರಿಯಲು ಜಾಗ ಇರುವುದಿಲ್ಲ. ನಿಮ್ಮದು ಕ್ರಾಪ್ ಸೆನ್ಸರ್, ಅಂದರೆ ಹಳೇ ಫಿಲ್ಮ್ ಅಳತೆಯ ಫುಲ್ ಫ್ರೇಮ್‌ಗಿಂತ ಚಿಕ್ಕದು. ಅದರಲ್ಲಿ 85 ಹಾಕಿದರೆ ಫುಲ್ ಫ್ರೇಮ್‌ನ 127ರಷ್ಟು ಬಿಗಿ. 50 ಅಂದರೆ 75, 35 ಅಂದರೆ ಸುಮಾರು 52. ಈಗ ಜೀರಿಗೆ ಬೆಲ್ಲದ ಹೊತ್ತು ನೆನೆಸಿಕೊಳ್ಳಿ. ಅಂತರಪಟ ಹಿಡಿದವರು ಇಬ್ಬರು, ಪುರೋಹಿತರು, ಸೋದರಮಾವ, ಕಳಸಗಿತ್ತಿ, ಎಲ್ಲರಿಗಿಂತ ಮುಂದೆ ವಿಡಿಯೋದವರು. ನಿಮ್ಮ ಪಾಲಿಗೆ ಉಳಿಯುವುದು ನಾಲ್ಕೈದು ಅಡಿ. ಪಟ ಸರಿಯುತ್ತಿದ್ದಂತೆ ಇಬ್ಬರ ಕೈಯೂ ಒಟ್ಟಿಗೆ ಮೇಲೇಳುತ್ತದೆ, ಕ್ಷಣದಲ್ಲಿ ಮುಗಿದೇ ಹೋಗುತ್ತದೆ. ಅಷ್ಟು ಹತ್ತಿರದಿಂದ 85ರಲ್ಲಿ ಸಿಗುವುದು ಒಂದು ಮುಖ ಮಾತ್ರ. ಬೆಲ್ಲ ಬಿದ್ದ ತಲೆ ಫ್ರೇಮ್ ಒಳಗೆ, ಹಾಕಿದವರು ಹೊರಗೆ! 35ರಲ್ಲಿ ಇಬ್ಬರೂ ಹಿಡಿಸುತ್ತಾರೆ.

ಹಾಗಾದರೆ 18-55 ಸಾಲದೇ? ಅಗಲಕ್ಕೆ ಸಾಕು, ಬೆಳಕಿಗೆ ಸಾಲದು. 55ರ ಕಡೆ ಅದು ಎಫ್/5.6 (ಎಫ್ ಸಂಖ್ಯೆ ಕಡಿಮೆಯಾದಷ್ಟೂ ಬೆಳಕು ಬಿಡುವ ಕಿಂಡಿ ದೊಡ್ಡದು). 1.8ರ ಲೆನ್ಸ್ ಅದಕ್ಕಿಂತ ಸುಮಾರು ಹತ್ತು ಪಟ್ಟು ಬೆಳಕು ಬಿಡುತ್ತದೆ. ಅದರಲ್ಲಿ ಐಎಸ್‌ಒ (ಬೆಳಕಿಗೆ ಸೆನ್ಸರ್‌ನ ಸೂಕ್ಷ್ಮತೆ, ಏರಿಸಿದಷ್ಟೂ ಫೋಟೋ ಕಾಳುಕಾಳು) 6400 ಬೇಕಾದ ಕಡೆ ಇದರಲ್ಲಿ 640 ಸಾಕು. ನನ್ನ ಓಟು 35 ಎಫ್/1.8ಕ್ಕೆ.

ಇನ್ನೊಬ್ಬರು: ಮೇಲಿನ ಸರ್ ಲೆಕ್ಕ ಸರಿ, ಆದರೆ ಮಂಟಪದ ಫೋಟೋ ಹೇಗೂ ದುಡ್ಡು ಕೊಟ್ಟು ಕರೆಸಿದವರು ತೆಗೆಯುತ್ತಾರೆ, ಅಲ್ವಾ? ನೀವೂ ಮೇಲೆ ಹತ್ತಿ ಅವರಿಗೆ ಯಾಕೆ ಅಡ್ಡ? ಮನೆ ಜನರಿಗೆ 50 ವಾಸಿ. 35ರಲ್ಲಿ ಮುಖ ತುಂಬಿಸಲು ಮೈಮೇಲೆ ಹೋಗಬೇಕು, ಮೂಗು ದಪ್ಪ ಕಾಣುತ್ತದೆ. ಕ್ಯಾಮೆರಾ ಕಂಡ ಕೂಡಲೇ ದೊಡ್ಡಮ್ಮಂದಿರು ಸೆರಗು ಸರಿಮಾಡಿಕೊಂಡು ನೆಟ್ಟಗೆ ಕೂತುಬಿಡುತ್ತಾರೆ. 50 ಹಾಕಿ ಏಳೆಂಟು ಅಡಿ ದೂರ ಕಂಬದ ಪಕ್ಕ ನಿಲ್ಲಿ. ಅಕ್ಷತೆ ಹಿಡಿದು ಕಾಯುವ ಅಜ್ಜಿ, ಮುಹೂರ್ತದ ಹೊತ್ತಲ್ಲೂ ಹರಟೆ ಬಿಡದ ಮಾವಂದಿರು, ಎಲ್ಲ ಹಾಗೆಹಾಗೇ ಸಿಗುತ್ತಾರೆ.

ಕೊಳ್ಳುವಾಗ ಒಂದು ನೋಡಿಕೊಳ್ಳಿ. ಡಿ5600 ಬಾಡಿಯಲ್ಲಿ ಫೋಕಸ್ ಮೋಟಾರ್ ಇಲ್ಲ. ಸೆಕೆಂಡ್ ಹ್ಯಾಂಡ್ 50 ಎಫ್/1.8ಡಿ ಅಗ್ಗಕ್ಕೆ ಸಿಕ್ಕರೂ ಕೈಯಲ್ಲೇ ತಿರುಗಿಸಿ ಫೋಕಸ್ ಮಾಡಬೇಕು. ಲೆನ್ಸ್ ಒಳಗೇ ಮೋಟಾರ್ ಇರುವ 1.8ಜಿ ತಗೊಳ್ಳಿ.

ಮತ್ತೊಬ್ಬರು: ಯಾವುದೇ ತಗೊಳ್ಳಿ, ಗ್ರೂಪ್ ಫೋಟೋಗೆ 1.8 ಇಡಬೇಡಿ, ಹಿಂದಿನ ಸಾಲು ಮಸುಕಾಗುತ್ತದೆ. ಎಫ್/5.6 ಇಟ್ಟು ಫ್ಲ್ಯಾಶ್ ಹಾಕಿ. ಎಲ್‌ಇಡಿ ದೀಪದಡಿ ಫೋಟೋದಲ್ಲಿ ಅಡ್ಡಪಟ್ಟಿ ಬಂದರೆ ಶಟರ್ ವೇಗ 1/100 ಸೆಕೆಂಡಿಗೆ ಇಳಿಸಿ ನೋಡಿ.

ಮೊದಲನೆಯವರು: 50ರ ವಾದ ಒಪ್ಪಿದೆ, ಮಂಟಪ ಹತ್ತದಿದ್ದರೆ ಅದೇ ಸರಿ. ಕೊಳ್ಳುವ ಮೊದಲು 18-55ಅನ್ನೇ 35ಕ್ಕೆ ನಿಲ್ಲಿಸಿ ಮನೆಯಲ್ಲಿ ಒಂದು ಸಂಜೆ ತೆಗೆಯಿರಿ, ಮರುದಿನ 50ಕ್ಕೆ. ಯಾವುದರಲ್ಲಿ ಗೋಡೆಗೆ ಬೆನ್ನು ತಾಗುತ್ತದೆ ಅಂತ ಗೊತ್ತಾಗುತ್ತದೆ. 85 ಬೇಕೇ ಬೇಕು ಅನಿಸಿದರೆ ರಿಸೆಪ್ಷನ್ ಸಂಜೆಗೆ ಬಾಡಿಗೆಗೆ ತನ್ನಿ. ಆಗ ಸ್ಟೇಜ್ ಮುಂದೆ ಜಾಗ ಇರುತ್ತದೆ.